ಬಾಣಂತಿ ಸನ್ನಿ: ಹೆಸರೊಂದು, ರೋಗ ಹಲವು

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಚೀಕಲಪರ್ವಿ ಎಂಬ ಊರಿದೆ. ದಾಸಸಾಹಿತ್ಯ ಬಲ್ಲವರಿಗೆ ಇದು ವಿಜಯದಾಸರು ಹುಟ್ಟಿದ ಊರು. ಶ್ರೀನಿವಾಸಪ್ಪ ಮತ್ತು ಕೂಸಮ್ಮ ಎಂಬ ಬಡ ದಂಪತಿಗೆ 1682ರಲ್ಲಿ ಹುಟ್ಟಿದರೆಂದು ಹೇಳಲಾಗುವ ದಾಸಪ್ಪ, ಮುಂದೆ 'ವಿಜಯವಿಠ್ಠಲ' ಅಂಕಿತದಲ್ಲಿ ಸುಳಾದಿಗಳನ್ನು ರಚಿಸಿ 'ಸುಳಾದಿ ದಾಸ'ರೆಂದೇ ಹೆಸರಾದರು. 1755ರಲ್ಲಿ ಚಿಪ್ಪಗಿರಿಯಲ್ಲಿ ಅವರು ದೇಹ ಬಿಟ್ಟರು. ಇಂದಿಗೂ ದಾಸರ ಕಟ್ಟೆಗೆ ಭಕ್ತರು ಬಂದುಹೋಗುತ್ತಾರೆ.

ವಿಜಯದಾಸರ ಬಗ್ಗೆ ಸಂಪ್ರದಾಯದಲ್ಲಿ ಹೇಳಿಕೊಂಡು ಬಂದ ಪ್ರಸಂಗಗಳಲ್ಲಿ ಒಂದು ಹೀಗಿದೆ. ಬದುಕು ಸಾಕೆಂದು ಸಾಯಲು ಹೊರಟಿದ್ದ ದಿಕ್ಕಿಲ್ಲದ ಹೆಂಗಸೊಬ್ಬಳನ್ನು ದಾಸರು ದಾರಿಯಲ್ಲಿ ಕಂಡರು. ಅವಳನ್ನು ತಡೆದು ಮನೆಗೆ ಕರೆತಂದರು. ಅವಳ ಕೂಸನ್ನು ಸ್ವಂತ ಮಗನಂತೆ ಸಾಕಿದರು. ಆ ಕೂಸೇ ಮುಂದೆ 'ಮೋಹನವಿಠ್ಠಲ' ಅಂಕಿತದ ಮೋಹನದಾಸರಾದರು. ಹೇಳುವವರ ಬಾಯಲ್ಲಿ ವಿವರಗಳು ಬೇರೆಬೇರೆಯಾಗುತ್ತವೆ. ಆದರೆ ಕಥೆಯ ತಿರುಳು ಒಂದೇ: ಮೋಹನದಾಸರು ಯಾರೆಂದು ಎಲ್ಲರಿಗೂ ಗೊತ್ತು, ಅವರ ತಾಯಿಗೆ ಆ ದಿನ ಏನಾಗಿತ್ತು ಎಂಬುದನ್ನು ಯಾರೂ ಬರೆದಿಡಲಿಲ್ಲ.

ಇದು ಮುನ್ನೂರು ವರ್ಷಗಳ ಹಿಂದಿನ ಮಾತು ಮಾತ್ರವಲ್ಲ. ಹೆರಿಗೆಯಾದ ಮನೆಗೆ ಇಂದು ಹೋದರೂ ಮೊದಲ ಪ್ರಶ್ನೆ 'ಏನು ಕೂಸು?' ಎಂಬುದು. ಎರಡನೆಯದು 'ತೂಕ ಎಷ್ಟು?'. ಮೂರನೆಯದು 'ಹಾಲು ಬಂತೆ?'. ತಾಯಿಯ ಮೈ ಹೇಗಿದೆ ಎಂದು ಕೇಳುವವರೂ ಇದ್ದಾರೆ. ಮನಸ್ಸು ಹೇಗಿದೆ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಅದು ಕೆಟ್ಟಾಗ ಅದಕ್ಕೆ ಇಟ್ಟ ಹೆಸರೂ ಒಂದೇ: 'ಬಾಣಂತಿ ಸನ್ನಿ'.

ಹಿರಿಯರು ಕಂಡುಕೊಂಡದ್ದು

ಹಾಗೆಂದು ನಮ್ಮ ಹಿರಿಯರಿಗೆ ಬಸುರಿ ಬಾಣಂತಿಯರ ಮನಸ್ಸಿನ ಅರಿವೇ ಇರಲಿಲ್ಲ ಎನ್ನುವಂತಿಲ್ಲ. ಬಸುರಿಯನ್ನು ಆಯುರ್ವೇದ 'ದೌಹೃದಿನಿ' ಎಂದು ಕರೆಯಿತು. ತನ್ನದೊಂದು, ಕೂಸಿನದೊಂದು, ಹೀಗೆ ಎರಡು ಹೃದಯವುಳ್ಳವಳು ಎಂದು ಅದರ ಅರ್ಥ. ಅವಳ ಆಸೆಗಳನ್ನು ನಡೆಸಿಕೊಡಬೇಕು ಎಂದು ಚರಕ ಮತ್ತು ಸುಶ್ರುತ ಇಬ್ಬರೂ ಹೇಳುತ್ತಾರೆ. ಗರ್ಭಕ್ಕೆ ಹಿತವಾದವುಗಳಲ್ಲಿ ಮೊದಲನೆಯದು ಮನಸ್ಸಿನ ನೆಮ್ಮದಿ ಎಂಬ ಮಾತು ಚರಕಸಂಹಿತೆಯಲ್ಲಿದೆ. ಜನಪದರು ಇದನ್ನೇ 'ಬಯಕೆ' ಎಂದರು. ಉತ್ತರ ಕರ್ನಾಟಕದಲ್ಲಿ ಬಸುರಿಗೆ 'ಕುಬಸ' ಮಾಡುವ ಶಾಸ್ತ್ರ ಈಗಲೂ ಬಿಟ್ಟಿಲ್ಲ. ಹಸಿರು ಸೀರೆ, ಹಸಿರು ಬಳೆ, ಬಗೆಬಗೆಯ ಅಡುಗೆ, ಓಣಿಯ ಹೆಂಗಸರ ಹಾಡು. ನಾಲ್ಕು ಜನ ಸೇರಿ ಒಬ್ಬಳನ್ನು ನಡುವೆ ಕೂರಿಸಿ ಆಕೆಗಾಗಿಯೇ ಒಂದು ದಿನ ಕಳೆಯುವುದು ಹಳ್ಳಿಯ ಹೆಣ್ಣಿನ ಬಾಳಿನಲ್ಲಿ ಪದೇ ಪದೇ ಬರುವ ಸಂಗತಿಯಲ್ಲ.

ಹೆರಿಗೆಗೆ ತವರಿಗೆ ಕಳಿಸುವ ಪದ್ಧತಿಯ ಹಿಂದೆಯೂ ಇದೇ ತಿಳಿವಳಿಕೆ ಇದೆ. ಅತ್ತೆಯ ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನು ತಾಯಿಯ ಮುಂದೆ ಹೇಳಿಕೊಳ್ಳಬಹುದು, ಅತ್ತರೂ ಕಾರಣ ಕೇಳುವವರಿರುವುದಿಲ್ಲ. ಸುಶ್ರುತನು ಹೆತ್ತವಳನ್ನು ಒಂದೂವರೆ ತಿಂಗಳವರೆಗೆ 'ಸೂತಿಕಾ' ಎಂದು ಪರಿಗಣಿಸಿ ವಿಶೇಷ ಆರೈಕೆ ಹೇಳಿದ್ದಾನೆ. ಇಂದಿನ ವೈದ್ಯಶಾಸ್ತ್ರವೂ ಬಾಣಂತನದ ಅವಧಿಯನ್ನು ಆರು ವಾರ, ಅಂದರೆ 42 ದಿನ ಎಂದೇ ಎಣಿಸುತ್ತದೆ. ಅಂಟಿನುಂಡಿ, ಆಳವಿ ಪಾಯಸ, ಕೊಬ್ಬರಿ, ಖಾರೀಕು, ಎಣ್ಣೆ ಹಚ್ಚಿ ಎರೆಯುವುದು, ಮೈಕೈ ಒತ್ತುವುದು, ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ತಾಯಿ ನಿದ್ದೆ ಮಾಡುವುದು, ಇವೆಲ್ಲ ಮೈಗೆ ಹೇಗೋ ಮನಸ್ಸಿಗೂ ಹಾಗೇ ಔಷಧ. ಅದರಲ್ಲೂ ನಿದ್ದೆ ದೊಡ್ಡದು. ಬಾಣಂತಿಯ ಮನಸ್ಸು ಕೆಡುವುದಕ್ಕೆ ನಿದ್ದೆಗೇಡು ಒಂದು ಮುಖ್ಯ ಪ್ರಚೋದನೆ ಎಂದು ಇಂದಿನ ಮನೋವೈದ್ಯರು ಒತ್ತಿ ಹೇಳುತ್ತಾರೆ.

ಆದರೆ ಈ ಆರೈಕೆಯ ಒಳಗೇ ತೊಡಕುಗಳೂ ಇದ್ದವು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಬಾಣಂತಿಗೆ ಅಳೆದು ನೀರು ಕೊಡುವ ಮನೆಗಳಿವೆ. ಕತ್ತಲೆ ಕೋಣೆ, ಮಂಚದ ಕೆಳಗೆ ಕೆಂಡ, ಲೋಬಾನದ ಹೊಗೆ, ಕಿವಿಗೆ ಅರಳೆ. ರಾಯಚೂರಿನ ಬೇಸಿಗೆಯಲ್ಲಿ ಇವೆಲ್ಲ ಸೇರಿದರೆ ಬಾಣಂತಿಯ ಗತಿ ಏನೆಂದು ಆ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಸನ್ನಿ ಎಂದರೆ ಏನು?

'ಸನ್ನಿ' ಎಂಬುದು 'ಸನ್ನಿಪಾತ'ದ ತದ್ಭವ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿ ಜ್ವರ ಏರಿ ರೋಗಿ ಬಡಬಡಿಸುವ ಸ್ಥಿತಿಗೆ ಆಯುರ್ವೇದ ಕೊಟ್ಟ ಹೆಸರು ಅದು. ಬಾಣಂತಿ ಬಡಬಡಿಸಿದಾಗ ಜನ ಅದನ್ನೇ ಬಳಸಿದರು. ಹೆಸರು ತಪ್ಪಲ್ಲ. ಆದರೆ ಆ ಒಂದು ಹೆಸರಿನ ಕೆಳಗೆ ಕನಿಷ್ಠ ನಾಲ್ಕು ಬೇರೆಬೇರೆ ರೋಗಗಳು ಅಡಗಿದ್ದವು ಎಂಬುದು ಈಗ ತಿಳಿದಿದೆ.

ಮೊದಲನೆಯದು ನಂಜು. ಹೆರಿಗೆಯ ವೇಳೆ ಕೊಳೆ ಕೈ, ಕೊಳೆ ಬಟ್ಟೆ, ತುಕ್ಕು ಹಿಡಿದ ಬ್ಲೇಡುಗಳಿಂದ ಗರ್ಭಕೋಶಕ್ಕೆ ಸೋಂಕು ತಗಲಿ ಜ್ವರ ನೆತ್ತಿಗೇರುತ್ತಿತ್ತು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸುವವರು ಕೈ ತೊಳೆದುಕೊಂಡರೆ ಸಾಕು ಈ ಜ್ವರದ ಸಾವು ಇಳಿಯುತ್ತದೆ ಎಂದು ತೋರಿಸಿಕೊಟ್ಟರು. ಎರಡನೆಯದು ರಕ್ತದೊತ್ತಡ ಏರಿ ಬರುವ ನಂಜಿನ ಸೆಳೆತ. ಸೆಳೆತದ ಬಳಿಕ ಮಂಕು ಕವಿದು ಏನೇನೋ ಮಾತಾಡುವುದುಂಟು. ಮೂರನೆಯದು ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಬಾಣಂತಿಯರಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ, ನೀರು ಕಡಿಮೆಯಾದರೆ ಅಪಾಯ ಇನ್ನೂ ಹೆಚ್ಚು. ತೀವ್ರ ತಲೆನೋವು, ವಾಂತಿ, ಸೆಳೆತ, ಕೈಕಾಲು ಸೋಲುವುದು ಇದರ ಲಕ್ಷಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗ ತಜ್ಞರು ಇದರ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ.

ಈ ಮೂರೂ ಮೈಯ ರೋಗಗಳು. ಒಂದು ದಿನ ತಡವಾದರೂ ಜೀವಕ್ಕೆ ಅಪಾಯ. ಹೀಗಾಗಿ ಜ್ವರ, ಸೆಳೆತ ಅಥವಾ ತಡೆಯಲಾಗದ ತಲೆನೋವಿನ ಜೊತೆಗೆ ಬಾಣಂತಿ ಬಡಬಡಿಸಿದರೆ ಹೋಗಬೇಕಾದದ್ದು ದೊಡ್ಡ ಆಸ್ಪತ್ರೆಗೆ. ತಾಯತ, ಅಂತ್ರ, ಗಾಳಿ ಬಿಡಿಸುವುದು ಎಂದು ಕಳೆಯುವ ಹೊತ್ತು ಪ್ರಾಣದ ಹೊತ್ತು.

ನಾಲ್ಕನೆಯದು ನಿಜವಾದ ಮನೋರೋಗ. ಗ್ರೀಸಿನ ಹಿಪೊಕ್ರೆಟಿಸನ ಕಾಲದ ಬರಹಗಳಲ್ಲೇ ಹೆರಿಗೆಯ ನಂತರ ನಿದ್ದೆಗೆಟ್ಟು ಭ್ರಮೆಗೊಳಗಾದ ಹೆಂಗಸಿನ ವರ್ಣನೆ ಇದೆ. ಆದರೆ ಬಸುರಿ ಬಾಣಂತಿಯರ ಮನೋರೋಗಗಳ ಬಗ್ಗೆಯೇ ಒಂದು ಇಡೀ ಗ್ರಂಥ ಬಂದದ್ದು 1858ರಲ್ಲಿ. ಬರೆದವರು ಪ್ಯಾರಿಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ. ಈ ವಿಷಯದ ಅಂತಾರಾಷ್ಟ್ರೀಯ ವೈದ್ಯರ ಸಂಘ ಇಂದಿಗೂ ಅವರ ಹೆಸರನ್ನೇ ಇಟ್ಟುಕೊಂಡಿದೆ.

ಅಳು, ಖಿನ್ನತೆ, ಭ್ರಮೆ

ಬಾಣಂತಿಯ ಮನಸ್ಸಿನ ತೊಂದರೆಯನ್ನು ವೈದ್ಯರು ಸಾಮಾನ್ಯವಾಗಿ ಮೂರು ಬಗೆಯಾಗಿ ನೋಡುತ್ತಾರೆ. ಮೂರನ್ನೂ ಬೇರೆ ಮಾಡಿ ತಿಳಿದುಕೊಳ್ಳುವುದು ಮನೆಯವರಿಗೆ ಬಹಳ ಮುಖ್ಯ.

ಹೆರಿಗೆಯಾದ ಮೂರನೇ ದಿನದ ಹೊತ್ತಿಗೆ ಸುಮ್ಮಸುಮ್ಮನೆ ಅಳು ಬರುವುದು, ಸಿಡುಕು, ಒಂದು ಗಳಿಗೆ ನಗು ಮರುಗಳಿಗೆ ಕಣ್ಣೀರು, ಇದು ಮೊದಲನೆಯದು. ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಬಂದುಹೋಗುತ್ತದೆ. ರೋಗವಲ್ಲ, ಔಷಧ ಬೇಡ. ಹತ್ತು ಹದಿನೈದು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಬೇಕಾದದ್ದು ನಿದ್ದೆ, ಊಟ, ಬೈಯದ ಜನ.

ಎರಡನೆಯದು ಖಿನ್ನತೆ. ಎರಡು ವಾರ ಕಳೆದರೂ ಮನಸ್ಸು ಏಳುವುದಿಲ್ಲ. ಕೂಸು ಮಲಗಿದರೂ ತಾಯಿಗೆ ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಕೂಸನ್ನು ಎತ್ತಿಕೊಳ್ಳಲು ಮನಸ್ಸಿಲ್ಲ, ಅಥವಾ ಕೂಸಿಗೆ ಏನೋ ಆಗಿಬಿಡುತ್ತದೆ ಎಂಬ ಬಿಡದ ಭಯ. 'ನಾನು ಕೆಟ್ಟ ತಾಯಿ' ಎಂಬ ಕೊರಗು. ಸತ್ತರೆ ಚೆನ್ನ ಎಂಬ ಯೋಚನೆ. ಹಳ್ಳಿಯ ಹೆಂಗಸರು ಇದನ್ನು ಬೇಜಾರು ಎಂದು ಹೇಳಿಕೊಳ್ಳುವುದು ಕಡಿಮೆ. 'ಮೈಯೆಲ್ಲ ನೋವು', 'ತಲೆ ಹಿಡಿದುಕೊಂಡಂಗ ಆಗ್ತದ', 'ಕೈಕಾಲಾಗ ಶಕ್ತಿ ಇಲ್ಲ' ಎಂದೇ ಹೇಳುತ್ತಾರೆ. ಆಗ ಸಿಗುವುದು ಒಂದು ಟಾನಿಕ್ಕು, ಒಂದು ಇಂಜೆಕ್ಷನ್ನು. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಯೂ ಇಂಥದೇ ಲಕ್ಷಣ ತೋರಿಸುವುದರಿಂದ ರಕ್ತ ಪರೀಕ್ಷೆ ಮಾಡಿಸುವುದು ಸರಿಯೇ. ಆದರೆ ಅಲ್ಲಿಗೆ ನಿಲ್ಲಿಸಿದರೆ ರೋಗ ಉಳಿದುಕೊಳ್ಳುತ್ತದೆ.

ಇದು ಅಪರೂಪದ್ದೂ ಅಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ನೂರಕ್ಕೆ 22 ಮಂದಿ ತಾಯಂದಿರಲ್ಲಿ ಹೆರಿಗೆಯ ನಂತರದ ಖಿನ್ನತೆ ಕಂಡುಬಂದಿದೆ. ಅಂದರೆ ಐವರು ಬಾಣಂತಿಯರಲ್ಲಿ ಒಬ್ಬಳಿಗಿಂತ ತುಸು ಹೆಚ್ಚು. ಹೆರಿಗೆಯ ನಂತರ ಕಂಡುಬರುವ ಖಿನ್ನತೆಯಲ್ಲಿ ಬಹಳಷ್ಟು ಬಸಿರಿನಲ್ಲೇ ಮೊದಲಾಗಿರುತ್ತದೆ ಎಂಬುದೂ ಗಮನಿಸಬೇಕಾದ ಸಂಗತಿ.

ಮೂರನೆಯದು ಅಪರೂಪ, ಆದರೆ ಅತಿ ಅಪಾಯಕಾರಿ. ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಕಾಣಿಸುವ ಬಾಣಂತಿಯ ಉನ್ಮಾದ ಇದು. ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಥಟ್ಟನೆ ಶುರುವಾಗುತ್ತದೆ. ನಿದ್ದೆ ಪೂರಾ ಹೋಗುತ್ತದೆ. ಮಾತು ಜಾಸ್ತಿ, ಮರುದಿನ ಮೌನ. ಇದು ತನ್ನ ಕೂಸೇ ಅಲ್ಲ, ಯಾರೋ ಬದಲಾಯಿಸಿದ್ದಾರೆ ಎಂಬ ಶಂಕೆ. ಕಿವಿಯಲ್ಲಿ ಯಾರೋ ಮಾತಾಡಿದಂತೆ. ಇಂಥ ತಾಯಿಯನ್ನು ಒಂದು ಗಳಿಗೆಯೂ ಒಬ್ಬಳೇ ಬಿಡುವಂತಿಲ್ಲ. ತನಗೂ ಕೂಸಿಗೂ ಅಪಾಯ ಮಾಡಿಕೊಳ್ಳುವ ಸಂಭವ ಇರುವುದರಿಂದ ಆಸ್ಪತ್ರೆಗೆ ಸೇರಿಸುವುದು ಅನಿವಾರ್ಯ. ಸಮಾಧಾನದ ಸಂಗತಿ ಎಂದರೆ, ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಮನೋರೋಗಗಳಲ್ಲೇ ಚೆನ್ನಾಗಿ ಗುಣವಾಗುವಂಥವುಗಳಲ್ಲಿ ಇದೂ ಒಂದು. ಆದರೆ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಾಧ್ಯತೆ ಹೆಚ್ಚು. ಹಿಂದೊಮ್ಮೆ ಹೀಗಾಗಿತ್ತು ಎಂಬುದನ್ನು ಮುಚ್ಚಿಡದೆ ಬಸುರಿಯಾದ ಕೂಡಲೇ ವೈದ್ಯರಿಗೆ ಹೇಳಬೇಕು.

ಹಾರ್ಮೋನಿನ ಏರಿಳಿತ

ಇಷ್ಟಕ್ಕೂ ಹೆರಿಗೆಯ ನಂತರವೇ ಮನಸ್ಸು ಹೀಗೇಕೆ ಕೆಡಬೇಕು? ಬಸಿರಿನ ಒಂಬತ್ತು ತಿಂಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳು ದೇಹದಲ್ಲಿ ಹಲವಾರು ಪಟ್ಟು ಏರುತ್ತವೆ. ಅವುಗಳನ್ನು ಬಹುಪಾಲು ಉತ್ಪಾದಿಸುವುದು ಮಾಸು. ಕೂಸಿನ ಬೆನ್ನಿಗೆ ಮಾಸು ಹೊರಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಎರಡೂ ಹಾರ್ಮೋನುಗಳು ಪಾತಾಳಕ್ಕೆ ಇಳಿಯುತ್ತವೆ. ಈ ಹಾರ್ಮೋನುಗಳು ಗರ್ಭಕೋಶದಲ್ಲಷ್ಟೇ ಅಲ್ಲ, ಮಿದುಳಿನಲ್ಲಿಯೂ ಕೆಲಸ ಮಾಡುತ್ತವೆ. ಪ್ರೊಜೆಸ್ಟರಾನಿನಿಂದ ಹುಟ್ಟುವ ಒಂದು ವಸ್ತು ಮಿದುಳನ್ನು ಶಾಂತವಾಗಿಡುತ್ತದೆ. ಅದು ಒಮ್ಮೆಲೇ ಇಲ್ಲವಾದಾಗ ಕೆಲವರ ಮಿದುಳು ಹೊಂದಿಕೊಳ್ಳುತ್ತದೆ, ಕೆಲವರದು ತತ್ತರಿಸುತ್ತದೆ. ಈ ತಿಳಿವಳಿಕೆಯ ಆಧಾರದ ಮೇಲೆಯೇ ಬಾಣಂತಿಯ ಖಿನ್ನತೆಗೆಂದು ತಯಾರಿಸಿದ ಔಷಧಿಗೆ ಅಮೆರಿಕದಲ್ಲಿ 2019ರಲ್ಲಿ ಮೊದಲ ಬಾರಿಗೆ ಮಂಜೂರಾತಿ ಸಿಕ್ಕಿತು. 2023ರಲ್ಲಿ ಇದಕ್ಕೆಂದೇ ಮಾತ್ರೆಯೂ ಬಂತು.

ಹೆಣ್ಣಿನ ಬಾಳಿನಲ್ಲಿ ಇಂಥ ಏರಿಳಿತ ಇದೊಂದೇ ಅಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿ ಕೆಲವರಿಗೆ ಸಿಡುಕು, ದುಗುಡ ತೀವ್ರವಾಗಿ ಕಾಡುತ್ತವೆ. ಮುಟ್ಟು ನಿಲ್ಲುವ ಕಾಲದಲ್ಲಿ ನಿದ್ದೆಗೇಡು, ಮೈ ಬಿಸಿಯಾಗುವುದು, ಕಾರಣವಿಲ್ಲದ ಕಳವಳ ಬರುತ್ತವೆ. ಚಿಕ್ಕ ವಯಸ್ಸಿಗೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಲ್ಲಿ ಈ ಇಳಿತ ನಿಧಾನವಾಗಿ ಆಗದೆ ಒಂದೇ ದಿನಕ್ಕೆ ಆಗಿಬಿಡುತ್ತದೆ. ಹೀಗಾಗಿ ಬಾಣಂತನದಲ್ಲಿ ಮನಸ್ಸು ಸೋತ ಹೆಂಗಸು ಮುಂದಿನ ಈ ತಿರುವುಗಳಲ್ಲಿಯೂ ಎಚ್ಚರಿಕೆಯಿಂದ ಇರುವುದು ಒಳ್ಳೆಯದು.

ಹೆಣ್ಣು ಹುಟ್ಟಿದ ಮನೆಯಲ್ಲಿ

ಆದರೆ ಎಲ್ಲವನ್ನೂ ಹಾರ್ಮೋನಿನ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಹಾರ್ಮೋನು ಹೆತ್ತವರೆಲ್ಲರಿಗೂ ಇಳಿಯುತ್ತದೆ, ರೋಗ ಎಲ್ಲರಿಗೂ ಬರುವುದಿಲ್ಲ. ಯಾರಿಗೆ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ಮನೆ ನಿರ್ಧರಿಸುತ್ತದೆ.

ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ನೂರಕ್ಕೆ 23 ಮಂದಿ ತಾಯಂದಿರು ಖಿನ್ನತೆಯಲ್ಲಿದ್ದರು. ಬಡತನ, ಗಂಡನ ಹೊಡೆತ, ದಾಂಪತ್ಯದ ಬಿರುಕು ಇದಕ್ಕೆ ಕಾರಣಗಳಾಗಿ ಕಂಡವು. ಜೊತೆಗೆ ಹುಟ್ಟಿದ ಕೂಸು ಹೆಣ್ಣೋ ಗಂಡೋ ಎಂಬುದೂ ಲೆಕ್ಕಕ್ಕೆ ಬಂತು. ಗಂಡು ಬೇಕೆಂದಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದಾಗ ತಾಯಿಯ ಮೇಲಿನ ಹೊರೆ ಇಮ್ಮಡಿಸುತ್ತಿತ್ತು. ಮಗಳು ಹುಟ್ಟಿದಳೆಂದು ಆಸ್ಪತ್ರೆಗೆ ನೋಡಲು ಬಾರದ ಗಂಡಂದಿರು, ಮೂರನೆಯದೂ ಹೆಣ್ಣಾಯಿತೆಂದು ತೊಟ್ಟಿಲ ಶಾಸ್ತ್ರವನ್ನೇ ಕೈಬಿಟ್ಟ ಅತ್ತೆಯಂದಿರು ಗೋವಾಕ್ಕೆ ಸೀಮಿತರಲ್ಲ.

ಮಾನ್ವಿ, ದೇವದುರ್ಗ ಸೀಮೆಗೆ ಇನ್ನೊಂದು ಕಷ್ಟವಿದೆ. ಅದು ಗುಳೆ. ಕಾಲುವೆ ನೀರು ಮುಟ್ಟದ ಊರುಗಳಿಂದ, ಕಾಲುವೆಯ ಕೊನೆಯ ಭಾಗದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಸಂಸಾರಗಳು ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ತವರಿನಲ್ಲಿ ಬಾಣಂತನ ಮಾಡಬೇಕಾದ ತಾಯಿಯೇ ಗುಳೆ ಹೋಗಿದ್ದರೆ ಮಗಳಿಗೆ ತವರೆಲ್ಲಿ? ತಗಡಿನ ಶೆಡ್ಡಿನಲ್ಲಿ ಹೆತ್ತವಳಿಗೆ ಅಂಟಿನುಂಡಿಯೂ ಇಲ್ಲ, ಕೂಸು ಹಿಡಿಯುವ ಅಜ್ಜಿಯೂ ಇಲ್ಲ. ಊರಲ್ಲೇ ಉಳಿದವರಿಗೂ ಭತ್ತದ ನಾಟಿ, ಹತ್ತಿ ಬಿಡಿಸುವ ಕಾಲ ಬಂದರೆ ನಲವತ್ತು ದಿನದ ವಿರಾಮ ದುಬಾರಿ. ಓದು ಬಿಡಿಸಿ ಹದಿನಾರು ಹದಿನೇಳಕ್ಕೇ ಮದುವೆ ಮಾಡಿದ ಹುಡುಗಿಯರಂತೂ ತಾವೇ ಇನ್ನೂ ಆರೈಕೆ ಬೇಕಾದ ವಯಸ್ಸಿನಲ್ಲಿ ಮತ್ತೊಂದು ಜೀವದ ಹೊಣೆ ಹೊರುತ್ತಾರೆ.

ಹೀಗೆ ಹಳೆಯ ಬಾಣಂತನದ ಒಳಿತು ಕಳೆದುಹೋಗುತ್ತಿದೆ, ಅದರ ಮೌನ ಮಾತ್ರ ಉಳಿದುಕೊಂಡಿದೆ. 'ಹೆರಿಗೆ ಹೆಣ್ಣಿಗೆ ಮರುಜನ್ಮ' ಎನ್ನುತ್ತಾರೆ. ಮರುಜನ್ಮ ಪಡೆದವಳು ಸಂತೋಷವಾಗಿಯೇ ಇರಬೇಕು ಎಂದು ಎಲ್ಲರೂ ನಿರೀಕ್ಷಿಸುವುದರಿಂದ, ಸಂತೋಷವಾಗಿಲ್ಲ ಎಂದು ಹೇಳಿಕೊಳ್ಳುವ ಬಾಯಿ ಅವಳಿಗಿರುವುದಿಲ್ಲ. ಹೇಳಿಕೊಂಡರೆ 'ಹುಚ್ಚಿ' ಎಂಬ ಹೆಸರು. ಆ ಹೆಸರು ಬಂದರೆ ತವರಿನಲ್ಲೇ ಬಿಟ್ಟು ಇನ್ನೊಂದು ಮದುವೆಯ ಮಾತು. ಈ ಭಯದಿಂದಲೇ ತವರಿನವರೂ ರೋಗವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ರೋಗ ಕೊನೆಗೆ ಬಾವಿಯ ಕಟ್ಟೆಯಲ್ಲೋ ಕ್ರಿಮಿನಾಶಕದ ಡಬ್ಬಿಯಲ್ಲೋ ಕಾಣಿಸಿಕೊಳ್ಳುತ್ತದೆ. ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸುವ ಕ್ರಮ ಇರುವ ಕೇರಳದಲ್ಲಿ, ರಕ್ತಸ್ರಾವ ಮತ್ತು ನಂಜಿನ ಜೊತೆಗೆ ಆತ್ಮಹತ್ಯೆಯೂ ಒಂದು ಪ್ರಮುಖ ಕಾರಣವೆಂದು ಬೆಳಕಿಗೆ ಬಂದಿದೆ.

ಬಳ್ಳಾರಿ ಕೊಟ್ಟ ಪಾಠ

ಹಳ್ಳಿಗೆ ಮನೋವೈದ್ಯ ಬರುವುದು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ್ದು ರಾಯಚೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ 1970ರ ದಶಕದಲ್ಲಿ ಪ್ರಯೋಗ ಮಾಡಿದ್ದ ನಿಮ್ಹಾನ್ಸ್, 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆಯ್ಕೆ ಮಾಡಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವ ತರಬೇತಿ ಕೊಟ್ಟು, ಅಗತ್ಯದ ಕೆಲವೇ ಔಷಧಗಳನ್ನು ಹಳ್ಳಿಯ ಆಸ್ಪತ್ರೆಯಲ್ಲೇ ಸಿಗುವಂತೆ ಮಾಡಲಾಯಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ಈಗ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಅದು ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಒದಗಿಸುವ 'ಮನೋಚೈತನ್ಯ' ಯೋಜನೆ 2014ರಲ್ಲಿ ಬಂತು. ಆದರೆ ಬಳ್ಳಾರಿಯಲ್ಲಿ ಗಮನ ಇದ್ದದ್ದು ಮುಖ್ಯವಾಗಿ ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯಗಳ ಮೇಲೆ. ಮೂಲೆಯಲ್ಲಿ ಮುಖ ತಿರುಗಿಸಿ ಮಲಗಿದ ಬಾಣಂತಿ ಯಾರ ಪಟ್ಟಿಗೂ ಸುಲಭವಾಗಿ ಸೇರುವವಳಲ್ಲ.

ಅವಳಿಗೆಂದೇ ಒಂದು ಜಾಗ ಮೀಸಲಾದದ್ದು 2009ರಲ್ಲಿ. ಆ ವರ್ಷ ನಿಮ್ಹಾನ್ಸ್‌ನಲ್ಲಿ ದೇಶದ ಮೊದಲ ತಾಯಿ-ಮಗು ವಾರ್ಡು ಆರಂಭವಾಯಿತು. ಈ ಕ್ಷೇತ್ರದಲ್ಲಿ ದೀರ್ಘಕಾಲ ದುಡಿದ ಡಾ. ಪ್ರಭಾ ಚಂದ್ರ ಅವರ ಶ್ರಮ ಇದರ ಹಿಂದೆ ಇದೆ. ಮನೋರೋಗಕ್ಕೆ ಒಳಗಾದ ತಾಯಿಯಿಂದ ಕೂಸನ್ನು ಕಿತ್ತುಕೊಳ್ಳದೆ, ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವುದು ಇಲ್ಲಿನ ಕ್ರಮ. ಇಂಗ್ಲೆಂಡಿನಲ್ಲಿ 1948ರಲ್ಲಿ ಮೊದಲಾದ ಪದ್ಧತಿ ಇದು. ನಮ್ಮಲ್ಲಿ ಅಜ್ಜಿಯೋ ಅಕ್ಕನೋ ಜೊತೆಗಿದ್ದು ಕೂಸನ್ನು ನೋಡಿಕೊಳ್ಳುತ್ತಾರೆ, ಅಂದರೆ ತವರೇ ವಾರ್ಡಿಗೆ ಬಂದಂತೆ. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳು ಇವೆ. ಯಾವುದು ಎಷ್ಟು ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಹಾಲುಣಿಸುತ್ತಿದ್ದೇನೆಂದು ತಾನಾಗಿ ಔಷಧ ನಿಲ್ಲಿಸುವುದು ಅಪಾಯ.

ಕಾನೂನೂ ಈಗ ಈ ದಾರಿಗೆ ಬಂದಿದೆ. ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ಚೀಕಲಪರ್ವಿಗೆ ಬೆಂಗಳೂರು ಸುಮಾರು 400 ಕಿಲೋಮೀಟರ್ ದೂರ. ಹಸಿ ಬಾಣಂತಿಯನ್ನು ಅಷ್ಟು ದೂರ ಕರೆದೊಯ್ಯುವುದು ಎಲ್ಲರಿಗೂ ಆಗುವ ಮಾತಲ್ಲ.

ಬಾಗಿಲಿಗೆ ಬರುವವರು

ಹಾಗಾದರೆ ದಾರಿ ಎಲ್ಲಿದೆ? ದಾರಿ ಮನೆಬಾಗಿಲಲ್ಲೇ ಇದೆ ಎನ್ನಲು ಕಾರಣಗಳಿವೆ. ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದ ಬಾಣಂತಿಯನ್ನು ನೋಡಲು ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕು ಎಂಬುದು ನಿಯಮ. 3, 7, 14, 21, 28 ಮತ್ತು 42ನೇ ದಿನ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು ಸಲ. ಕೂಸಿನ ತೂಕ, ಉಸಿರು, ಮೈ ಬಿಸಿ ನೋಡುವುದು ಅವಳ ಕೆಲಸ. ಈ ದಿನಗಳನ್ನು ಮತ್ತೊಮ್ಮೆ ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಮೂರನೇ ದಿನ ಅಳು ಶುರುವಾಗುವ ದಿನ. ಏಳನೇ ದಿನ, ಹದಿನಾಲ್ಕನೇ ದಿನ ಉನ್ಮಾದ ತಲೆ ಎತ್ತುವ ಕಾಲ. ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಇಳಿಯದ ಅಳು ಖಿನ್ನತೆಯಾಗಿ ಕೂರುವ ದಿನಗಳು. ಬೇರೆ ಹೊಸ ಯೋಜನೆ ಬೇಡ, ಬರುವವಳು ಬಂದೇ ಬರುತ್ತಾಳೆ. ಕೂಸಿನ ತೂಕ ನೋಡಿದ ಮೇಲೆ ತಾಯಿಯ ಕಡೆ ತಿರುಗಿ ಎರಡು ಪ್ರಶ್ನೆ ಕೇಳುವುದಷ್ಟೇ ಉಳಿದಿರುವುದು.

ಏನು ಕೇಳಬೇಕು ಎಂಬುದೂ ಗೊತ್ತಿಲ್ಲದ ವಿಷಯವಲ್ಲ. ಸ್ಕಾಟ್ಲೆಂಡಿನಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು 1987ರಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿ ತಯಾರಿಸಿದರು. 'ಎಡಿನ್‌ಬರೋ ಮಾಪಕ' ಎಂದು ಹೆಸರಾದ ಇದು ಕಳೆದ ಏಳು ದಿನಗಳಲ್ಲಿ ತಾಯಿಗೆ ನಗು ಬಂದಿತ್ತೆ, ಅಳು ಬಂದಿತ್ತೆ, ನಿದ್ದೆಗೆಟ್ಟಿತ್ತೆ, ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ ಬಂದಿತ್ತೆ ಎಂದು ವಿಚಾರಿಸುತ್ತದೆ. ಕನ್ನಡದಲ್ಲೂ ಇದನ್ನು ಬಳಸಿ ನೋಡಲಾಗಿದೆ. ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಅದು ತಪ್ಪು. ಕೇಳಿದರೆ ಹೇಳಿಕೊಂಡು ಹಗುರಾಗುವವರೇ ಹೆಚ್ಚು.

ಕೇಳಿದ ಮೇಲೆ ಮುಂದೇನು ಎಂಬುದಕ್ಕೂ ಉದಾಹರಣೆ ಇದೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಎಂಬ ಮನೋವೈದ್ಯರ ತಂಡ, ನಮ್ಮ ಆಶಾಗಳಂಥ 'ಲೇಡಿ ಹೆಲ್ತ್ ವರ್ಕರ್'ಗಳಿಗೆ ಸರಳ ಆಪ್ತಸಲಹೆಯ ತರಬೇತಿ ಕೊಟ್ಟಿತು. ಖಿನ್ನತೆ ಇದ್ದ ಬಸುರಿಯರ ಮನೆಗೆ ಅವರು ಹೋಗಿ ಮಾತಾಡಿದರು, ಮನೆಯವರನ್ನೂ ಕೂರಿಸಿಕೊಂಡರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೆರಿಗೆಯಾದ ಆರು ತಿಂಗಳಿಗೆ ಇಂಥ ಸಲಹೆ ಸಿಕ್ಕವರಲ್ಲಿ ನೂರಕ್ಕೆ 23 ಮಂದಿಯಲ್ಲಷ್ಟೇ ಖಿನ್ನತೆ ಉಳಿದಿತ್ತು. ಸಿಗದವರಲ್ಲಿ ಅದು 53. ಮನೋವೈದ್ಯರಿಲ್ಲದ ಹಳ್ಳಿಯಲ್ಲಿ, ಹಳ್ಳಿಯದೇ ಹೆಂಗಸರು ಮಾಡಿದ ಕೆಲಸ ಇದು. ಬಳಿಕ ಗೋವಾದಲ್ಲಿ ಊರಿನ ತಾಯಂದಿರನ್ನೇ 'ಸಖಿ'ಯರನ್ನಾಗಿ ತಯಾರು ಮಾಡಿ ಇದೇ ವಿಧಾನವನ್ನು ಪ್ರಯತ್ನಿಸಲಾಯಿತು.

ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಇರುವ ಹೊರೆ, ಸಿಗುವ ಅಲ್ಪ ಪ್ರೋತ್ಸಾಹಧನ ಎಲ್ಲರಿಗೂ ತಿಳಿದದ್ದೇ. ಇನ್ನೊಂದು ಕೆಲಸ ಹೇರುವಾಗ ತರಬೇತಿಯೂ ಸಂಬಳವೂ ಜೊತೆಗೆ ಬರಬೇಕು ಎಂಬ ಅವರ ಮಾತು ನ್ಯಾಯವಾದದ್ದು. ಅದು ಆಗುವವರೆಗೆ ಮನೆಯವರು ಕಾಯಬೇಕಾಗಿಲ್ಲ. ಎರಡು ವಾರ ದಾಟಿಯೂ ಬಾಣಂತಿಯ ಅಳು ನಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು, ಭ್ರಮೆ, ಕೂಸಿನ ಮೇಲೆ ವಿಚಿತ್ರ ಶಂಕೆ ಕಂಡರೆ ಅದೇ ದಿನ ಆಸ್ಪತ್ರೆ. ಅಲ್ಲಿಯವರೆಗೆ ತಾಯಿ ಕೂಸನ್ನು ಒಂಟಿಯಾಗಿ ಬಿಡಬಾರದು.

ವಿಜಯದಾಸರ ಕಾಲದಲ್ಲಿ ಈಸ್ಟ್ರೋಜನ್ ಎಂಬ ಹೆಸರಿರಲಿಲ್ಲ, ಮಾಪಕ ಇರಲಿಲ್ಲ, ವಾರ್ಡೂ ಇರಲಿಲ್ಲ. ಕಥೆಯಲ್ಲಿ ಬರುವಂತೆ ಅವರು ಮಾಡಿದ್ದು ಇಷ್ಟೇ: ಸಾಯಲು ಹೊರಟವಳನ್ನು ಕಂಡು ನಿಂತರು, ಅವಳನ್ನು ಕರೆತಂದು ಅನ್ನ ಕೊಟ್ಟರು, ಕೂಸನ್ನು ಅವಳಿಂದ ಅಗಲಿಸಲಿಲ್ಲ. ಇಂದಿನ ವೈದ್ಯಶಾಸ್ತ್ರ ಇದಕ್ಕೆ ಔಷಧವನ್ನು ಸೇರಿಸಿದೆ. ಆದರೆ ಔಷಧಿಯ ಹತ್ತಿರ ಬರುವ ಮೊದಲು ಯಾರಾದರೊಬ್ಬರು ಅವಳನ್ನು ಕಂಡು ನಿಲ್ಲಬೇಕು. ಹೆರಿಗೆಯಾದ ಮನೆಗೆ ಹೋದವರು 'ಏನು ಕೂಸು?' ಎಂದು ಕೇಳಿದ ಮೇಲೆ, ಒಳಕೋಣೆಯಲ್ಲಿ ಮಲಗಿದವಳ ಹತ್ತಿರ ಕುಳಿತು 'ನೀ ಹೆಂಗದಿಯವ್ವ, ನಿದ್ದಿ ಬರತದೇನು?' ಎಂದೊಂದು ಮಾತು ಕೇಳಿದರೆ ಆ ಕೆಲಸ ಅಲ್ಲಿಂದಲೇ ಶುರುವಾದಂತೆ.